ಚಳಿಗಾಲದ ಕರೆಂಟ್ ಬಿಲ್ ಬಗ್ಗೆ, ಎಲ್ರೂ ಒಂದ್ಸಲ ಓದಿ

ಎಲ್ರಿಗೂ ನಮಸ್ಕಾರ. ತುಮಕೂರಲ್ಲಿ ಚಳಿ ಶುರುವಾಯ್ತು, ಫ್ಯಾನ್ ಹಾಕ್ತಾನೇ ಇಲ್ಲ ಆದ್ರೂ ಬಿಲ್ ಯಾಕೆ ಏರ್ತಿದೆ ಅಂತ ನಮ್ಮ ಬೀದಿಲಿ ಇಬ್ರು ಮೂವರು ಕೇಳಿದ್ರು, ಕಾರಣ ಗೀಸರ್ ಕಣ್ರೀ. ಸಾಮಾನ್ಯವಾಗಿ 2000 ವಾಟ್ ಇರುತ್ತೆ, ಅರ್ಧ ಗಂಟೆ ಕಾದ್ರೆ 1 ಯೂನಿಟ್, ದಿನಾ ಒಂದು ಗಂಟೆ ಕಾದ್ರೆ ತಿಂಗಳಿಗೆ 60 ಯೂನಿಟ್ ಅಲ್ಲೇ ಹೋಯ್ತು. ಗೃಹಜ್ಯೋತಿ ಇರೋರು ತುಂಬಾ ಹುಷಾರು, 200 ಯೂನಿಟ್ ದಾಟಿದ್ರೆ ಹೆಚ್ಚಾಗಿದ್ದಕ್ಕೆ ಮಾತ್ರ ಅಲ್ಲ, ಪೂರ್ತಿ ಬಿಲ್ಲೇ ಕಟ್ಬೇಕು.

ಥರ್ಮೋಸ್ಟಾಟ್ 50 ಡಿಗ್ರಿ ಹತ್ರ ಇಡಿ, ಸುಡೋ ಹಂಗೆ ಕಾಯ್ಸಿ ಆಮೇಲೆ ತಣ್ಣೀರು ಬೆರೆಸೋದು ಬೇಡ. ಒಬ್ರಾದ್ಮೇಲೆ ಒಬ್ರು ಸ್ನಾನ ಮುಗಿಸಿ, ಇಬ್ರ ಮಧ್ಯೆ ಗಂಟೆಗಟ್ಟಲೆ ಗ್ಯಾಪ್ ಇದ್ರೆ ನೀರು ಆರಿ ಮತ್ತೆ ಕಾಯುತ್ತೆ. ಶವರ್ ಬಿಟ್ಟು ಬಕೆಟ್ ಇಟ್ಕೊಂಡ್ರೆ ಇನ್ನೂ ಉಳಿಯುತ್ತೆ. ನಮ್ ಕಡೆ ಬೋರ್ ನೀರು ಗಡಸು, ಕಾಯಿಲ್ ಮೇಲೆ ಬಿಳಿ ಪದರ ಕಟ್ಟಿ ಬೇಗ ಸುಟ್ಟೋಗುತ್ತೆ, ನಮ್ಮನೇದು ಹೋದ ವರ್ಷ ಹಂಗೇ ಹೋಯ್ತು, ವರ್ಷಕ್ಕೊಂದ್ಸಲ ಬಿಚ್ಚಿಸಿ ಕ್ಲೀನ್ ಮಾಡ್ಸಿ.

ಸೋಲಾರ್ ಇರೋರು ಸಂಜೆನೇ ಸ್ನಾನ ಮಾಡ್ಬಹುದು, ಆಗ ಟ್ಯಾಂಕ್ ನೀರು ಚೆನ್ನಾಗಿ ಬಿಸಿ ಇರುತ್ತೆ. ಹಿತ್ತಲಲ್ಲಿ ಹಂಡೆ ಒಲೆ ಇರೋ ಮನೆಗಳಿಗೆ ಹೇಳೋದೇ ಬೇಡ, ತೆಂಗಿನ ಮಟ್ಟೆಗೆ ನಮ್ಮ ಜಿಲ್ಲೇಲಿ ಏನ್ ಬರ.

ಇನ್ನೊಂದು ಮಾತು, ಇದು ದುಡ್ಡಿಗಿಂತ ಮುಖ್ಯ. ಕರೆಂಟ್ ಉಳಿಯುತ್ತೆ ಅಂತ ಬಾತ್‌ರೂಮ್ ಒಳಗೆ ಗ್ಯಾಸ್ ಗೀಸರ್ ಹಾಕ್ಸಿರೋರು ಚಳಿ ಅಂತ ಕಿಟಕಿ ಮುಚ್ಬೇಡಿ, ಗ್ಯಾಸ್ ಉರಿದಾಗ ಬರೋ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಗಾಳಿಗೆ ವಾಸನೆ ಇರಲ್ಲ, ಗೊತ್ತಾಗೋ ಮುಂಚೆನೇ ಪ್ರಜ್ಞೆ ತಪ್ಪುತ್ತೆ. ಮನೇಲಿರೋ ಹಿರಿಯರಿಗೂ ಮಕ್ಕಳಿಗೂ ಇವತ್ತೇ ಹೇಳಿ.