ವಿಮರ್ಶಾತ್ಮಕ ಓದು ಮತ್ತು ಬರಹ: ಸದಸ್ಯರಿಗೆ ಸೂಚನೆ

ಆತ್ಮೀಯ ಸದಸ್ಯರೇ,

ಸಂಶೋಧನಾ ಲೇಖನವನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಓಟದಲ್ಲಿ ಓದಬೇಕಾಗಿಲ್ಲ. ಸಾರಾಂಶ ಮತ್ತು ತೀರ್ಮಾನವನ್ನು ಮೊದಲು ನೋಡಿ, ಮುಖ್ಯ ವಾದವನ್ನು ನಿಮ್ಮದೇ ಒಂದು ವಾಕ್ಯದಲ್ಲಿ ಬರೆದುಕೊಂಡ ಮೇಲೆ, ಅದಕ್ಕೆ ಯಾವ ಆಧಾರವಿದೆ, ಆಧಾರದಿಂದ ತೀರ್ಮಾನಕ್ಕೆ ಸಾಗುವಲ್ಲಿ ಯಾವ ಊಹೆ ಹೇಳದೆಯೇ ಉಳಿದಿದೆ ಎಂಬುದನ್ನು ಹುಡುಕಿ. ಉದಾಹರಣೆಗೆ, ಹೆಚ್ಚು ನಿದ್ರಿಸುವ ವಿದ್ಯಾರ್ಥಿಗಳು ಹೆಚ್ಚು ಅಂಕ ಪಡೆದರೆಂದು ಒಂದು ಸಮೀಕ್ಷೆ ಹೇಳಿದರೆ, ನಿದ್ರೆಯೇ ಅಂಕಗಳಿಗೆ ಕಾರಣವೆಂದು ಸಾಬೀತಾಗುವುದಿಲ್ಲ. ಮನೆಯ ನೆಮ್ಮದಿಯಂಥ ಮೂರನೆಯ ಅಂಶವೊಂದು ಎರಡಕ್ಕೂ ಮೂಲವಾಗಿರಬಹುದು. ಸಂಶೋಧನಾ ವಿಧಾನದ ಭಾಗವನ್ನು ಹಾರಿಸಿ ಓದುವ ಅಭ್ಯಾಸ ನನಗೆ ನಿಜಕ್ಕೂ ಕಳವಳದ ಸಂಗತಿ, ಏಕೆಂದರೆ ಯಾರನ್ನು, ಎಷ್ಟು ಜನರನ್ನು, ಹೇಗೆ ಆಯ್ದುಕೊಂಡರು ಎಂಬುದು ತಿಳಿಯುವುದು ಅಲ್ಲಿಯೇ.

ಬರೆಯುವಾಗ ಮೂಲದ ಪದಗಳನ್ನು ಅಲ್ಲಲ್ಲಿ ಬದಲಿಸಿದ ಮಾತ್ರಕ್ಕೆ ಅದು ಸ್ವಂತ ಬರಹವಾಗದು. ಪುಟವನ್ನು ಮುಚ್ಚಿಟ್ಟು, ಅರ್ಥವಾದದ್ದನ್ನು ನೆನಪಿನಿಂದ ಬರೆದು, ಅನಂತರ ಮೂಲದೊಂದಿಗೆ ಹೋಲಿಸಿ, ಆಕರವನ್ನು ನಮೂದಿಸಿ. ಪೂರ್ವ ಅಧ್ಯಯನಗಳ ಸಮೀಕ್ಷೆಯನ್ನು, ಅಂದರೆ ಅದೇ ವಿಷಯದ ಬಗ್ಗೆ ಹಿಂದಿನವರು ಬರೆದದ್ದರ ಅವಲೋಕನವನ್ನು, ಲೇಖಕರ ಸರದಿಯಂತೆ ಜೋಡಿಸದೆ, ಅವರು ಎಲ್ಲಿ ಒಪ್ಪುತ್ತಾರೆ, ಎಲ್ಲಿ ಭಿನ್ನರಾಗುತ್ತಾರೆ ಎಂಬ ಪ್ರಶ್ನೆಗಳ ಸುತ್ತ ಕಟ್ಟಿ.

ಈ ವಾರ ಪ್ರತಿಯೊಬ್ಬರೂ ತಾವು ಓದುತ್ತಿರುವ ಒಂದು ಲೇಖನದ ಮುಖ್ಯ ವಾದವನ್ನೂ ಅದರ ಬಗ್ಗೆ ತಮಗಿರುವ ಒಂದು ಸಂದೇಹವನ್ನೂ ಇಲ್ಲಿ ಕಳುಹಿಸಬೇಕೆಂದು ಕೋರುತ್ತೇನೆ.