ಗೆರೆಯ ಮೇಲೆ ನಿಲ್ಲಲಾದರೂ ಬಿಡಿ

ಮಾನ್ಯರೇ,

ಮೊನ್ನೆ ಸಂಜೆ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನನ್ನ ಅಣ್ಣನ ಮಗಳು ಬರಿಗಾಲಲ್ಲಿ ಓಡುತ್ತಿದ್ದಳು. ಚಿಕ್ಕಂದಿನ ಕಾಯಿಲೆಯಿಂದ ಅವಳ ಒಂದು ಕಾಲು ತುಸು ಸಣ್ಣ. ಒದ್ದೆ ಮರಳಲ್ಲಿ ಒಂದು ಹೆಜ್ಜೆ ಆಳಕ್ಕೆ ಮೂಡಿದರೆ ಇನ್ನೊಂದು ಮೇಲುಮೇಲೆ. ಶಾಲೆಯಲ್ಲಿ ಓಟಕ್ಕೆ ಹೆಸರು ಕೊಡಲು ಹೋದರೆ, ‘ನೀನು ಸುಮ್ನೆ ಕೂತು ಚಪ್ಪಾಳೆ ಹೊಡಿ’ ಅಂದರಂತೆ.

ನನಗೆ ಅಮೆರಿಕದ ಓಟಗಾರ್ತಿ ವಿಲ್ಮಾ ರುಡಾಲ್ಫ್ ನೆನಪಾದರು. ಟೆನೆಸ್ಸಿಯ ಬಡ ಕಪ್ಪು ಕುಟುಂಬ, 22 ಮಕ್ಕಳಲ್ಲಿ 20ನೆಯವರು. ಪೋಲಿಯೊದಿಂದ ಎಡಗಾಲು ಸೋತಿತ್ತು. ಕಪ್ಪು ಜನರಿಗೆ ಚಿಕಿತ್ಸೆ ಸಿಗುತ್ತಿದ್ದ ಆಸ್ಪತ್ರೆ ಸುಮಾರು 80 ಕಿ.ಮೀ. ದೂರದ ನ್ಯಾಶ್ವಿಲ್‌ನಲ್ಲಿ. ತಾಯಿ ಬಸ್ಸಲ್ಲಿ ಕರೆದೊಯ್ಯುತ್ತಿದ್ದರು. ಮನೆಯಲ್ಲಿ ಎಲ್ಲರೂ ಸರದಿ ಮೇಲೆ ಕಾಲು ನೀವುತ್ತಿದ್ದರು. ಔಷಧಿಗಿಂತ ಅದೇ ಜಾಸ್ತಿ ಕೆಲಸ ಮಾಡಿತೇನೋ ಅಂತ ನನಗನಿಸುತ್ತದೆ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ 100 ಮೀ., 200 ಮೀ., ರಿಲೇ ಮೂರರಲ್ಲೂ ಚಿನ್ನ. ರಿಲೇ ಫೈನಲ್‌ನಲ್ಲಿ ಬ್ಯಾಟನ್ ಇನ್ನೇನು ಕೈ ಜಾರುವುದರಲ್ಲಿತ್ತು!

ಎಲ್ಲ ಮಕ್ಕಳೂ ಚಿನ್ನ ತರಬೇಕು ಅಂತಲ್ಲ. ಕ್ರೀಡಾಕೂಟದಲ್ಲಿ ಇಂಥವರನ್ನೂ ಗೆರೆಯ ಮೇಲೆ ನಿಲ್ಲಿಸಿ, ಅಷ್ಟೇ. ಕೊನೆಗೆ ಬಂದರೂ ಅಡ್ಡಿಯಿಲ್ಲ. ನಮ್ಮ ಹುಡುಗಿಗಂತೂ ಬೂಟು ತಂದಾಗಿದೆ.

– ಒಬ್ಬ ಓದುಗ, ಕೋಡಿಬಾಗ, ಕಾರವಾರ