ಅಳಿಯನಿಗೆ: ಕಾಕ್ಲಿಯರ್ ಇಂಪ್ಲಾಂಟ್ ಬಗ್ಗೆ

ದಾವಣಗೆರೆ

ಚಿ. ಬಸವರಾಜನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಕಿವಿ ಮಿಷನ್ನಿನ ದನಿ ಎಷ್ಟು ಏರಿಸಿದರೂ ಮಾತು ಬಿಡಿಬಿಡಿಯಾಗಿ ತಿಳಿಯುತ್ತಿಲ್ಲ ಎಂದು ಬರೆದಿದ್ದೀಯ. ಮಿಷನ್ ಸದ್ದು ಜೋರು ಮಾಡುತ್ತದೆ, ಅಷ್ಟೆ. ಒಳಗಿವಿಯ ಕಾಕ್ಲಿಯಾದಲ್ಲಿ ಸದ್ದನ್ನು ನರಕ್ಕೆ ದಾಟಿಸುವ ರೋಮಕೋಶಗಳೇ ಸತ್ತಿದ್ದರೆ ಜೋರು ಮಾಡಿ ಫಲವಿಲ್ಲ. ಆಪರೇಷನ್ ಮಾಡಿ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಸಾಧನ ಆ ಕೋಶಗಳ ಗೊಡವೆಗೆ ಹೋಗದೆ, ಕಾಕ್ಲಿಯಾದೊಳಗೆ ತೂರಿಸಿದ 12ರಿಂದ 22 ಪುಟ್ಟ ವಿದ್ಯುತ್ ತುದಿಗಳ, ಅಂದರೆ ಎಲೆಕ್ಟ್ರೋಡ್‌ಗಳ ಮೂಲಕ ಕೇಳುವ ನರಕ್ಕೇ ವಿದ್ಯುತ್ ಮಿಡಿತ ಕೊಡುತ್ತದೆ. ಹಾಗಾಗಿ ನರ ಸರಿಯಿರಬೇಕು, ಎಂ.ಆರ್.ಐ. ಮಾಡಿಸುವುದು ಅದಕ್ಕೇ. ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ, ಮಿಷನ್ ಹಾಕಿಕೊಂಡೇ ಮಾತಿನ ಪರೀಕ್ಷೆ ಮಾಡಿಸು. ಎಷ್ಟು ಸದ್ದು ಕೇಳುತ್ತದೆಂದು ತೋರಿಸುವ ನಕ್ಷೆ, ಅಂದರೆ ಬರೀ ಆಡಿಯೋಗ್ರಾಂ ನೋಡಿ ಆಪರೇಷನ್ನಿಗೆ ಒಪ್ಪಬೇಡ. ಹಾಗಂತ ವರ್ಷಗಟ್ಟಲೆ ಮುಂದೂಡಲೂ ಬೇಡ. ಕಿವಿ ಸದ್ದಿಲ್ಲದೆ ಕಳೆದಷ್ಟೂ ಫಲ ಕಡಿಮೆ.

ನ್ಯುಮೋಕಾಕಲ್ ಲಸಿಕೆ ಆಪರೇಷನ್ನಿಗೆ ಕನಿಷ್ಠ 2 ವಾರ ಮೊದಲೇ ಆಗಿರಲಿ. ಒಳಗಿವಿಯಿಂದ ಮೆದುಳುಪೊರೆಗೆ ಸೋಂಕು ಏರುವ ಅಪಾಯ ಚಿಕ್ಕದಾದರೂ ಇದೆ. ಆ ಕಿವಿಯಲ್ಲಿ ಉಳಿದ ಅಲ್ಪಸ್ವಲ್ಪ ಕೇಳುವಿಕೆಯೂ ಹೋಗಬಹುದು, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೋ.

ಗಾಯ ಮಾಗಿದ ಮೇಲೆ, ಸಾಮಾನ್ಯವಾಗಿ 2ರಿಂದ 4 ವಾರಕ್ಕೆ, ಹೊರಗೆ ಹಾಕಿಕೊಳ್ಳುವ ಯಂತ್ರವಾದ ಪ್ರೊಸೆಸರ್ ಕೊಟ್ಟು ಸ್ವಿಚ್ ಆನ್. ಅವತ್ತು ನಿನ್ನ ಹೆಂಡತಿಯ ದನಿ ತಗಡಿನ ಡಬ್ಬಿಯೊಳಗಿಂದ ಬಂದಂತೆ, ಕೀಚುಕೀಚಾಗಿ ಕೇಳೀತು. ಗಾಬರಿಯಾಗಿ ತೆಗೆದಿಡಬೇಡಪ್ಪ. ಎದ್ದಾಗಿನಿಂದ ಮಲಗುವತನಕ ಹಾಕಿಕೋ. ಮ್ಯಾಪಿಂಗ್‌ಗೆ ಕರೆದಾಗಲೆಲ್ಲ ಹೋಗು. ಎಲೆಕ್ಟ್ರೋಡ್ ಒಂದೊಂದರ ಮಟ್ಟವನ್ನೂ ಅಲ್ಲಿ ಹೊಂದಿಸುತ್ತಾರೆ.

ನಿಜವಾದ ಕೆಲಸ ಮನೆಯಲ್ಲಿ. ಇನ್ನೊಂದು ಕಿವಿಯ ಮಿಷನ್ ತೆಗೆದಿಟ್ಟು ದಿನಕ್ಕೆ ಅರ್ಧ ಗಂಟೆ ಕೂತುಕೋ. ನಾಲ್ಕು ಊರಿನ ಹೆಸರು ಚೀಟಿಯಲ್ಲಿ ಬರೆದು ಮುಂದಿಡು: ಹರಿಹರ, ಚಿತ್ರದುರ್ಗ, ಚಳ್ಳಕೆರೆ, ಹೊಳಲ್ಕೆರೆ. ಹೆಂಡತಿ ಬಾಯಿಗೆ ಪೇಪರ್ ಅಡ್ಡ ಹಿಡಿದು ಒಂದು ಹೇಳಲಿ, ನೀನು ಚೀಟಿ ಮುಟ್ಟು. ಹರಿಹರ, ಚಿತ್ರದುರ್ಗ ಬೇಗ ಸಿಗುತ್ತವೆ. ಚಳ್ಳಕೆರೆ, ಹೊಳಲ್ಕೆರೆಯ ಬಾಲ ಒಂದೇ ಆದ್ದರಿಂದ ತೊಡಕು. ಆ ತೊಡಕು ಬಿಡಿಸಿದ ಮೇಲೆ ಚೀಟಿ ತೆಗೆದುಬಿಡು, ಆಮೇಲೆ ಫ್ಯಾನ್ ಹಾಕಿಕೊಂಡು ಮಾಡು. ಫೋನು, ಸಂತೆ, ಮದುವೆಮನೆ ಕೊನೆಗೆ.

ಪ್ರೊಸೆಸರ್‌ನ ಸಂಕೇತವನ್ನು ಚರ್ಮದಾಚೆಗೆ ಕಳಿಸುವ ಕಾಯಿಲ್ ಮ್ಯಾಗ್ನೆಟ್ಟಿನಿಂದ ತಲೆಗೆ ಅಂಟಿರುತ್ತದೆ. ಮ್ಯಾಗ್ನೆಟ್ ಸಡಿಲವಿದ್ದರೆ ಕಾಯಿಲ್ ಬೀಳುತ್ತದೆ, ಬಿಗಿಯಿದ್ದರೆ ಕೆಳಗಿನ ಚರ್ಮ ಕೆಂಪಾಗುತ್ತದೆ. ವಾರಕ್ಕೊಮ್ಮೆ ಕನ್ನಡಿಯಲ್ಲಿ ನೋಡಿಕೋ, ಕೆಂಪು ಕಂಡರೆ ಶಕ್ತಿ ಕಡಿಮೆಯ ಮ್ಯಾಗ್ನೆಟ್ ಹಾಕಿಸಿಕೋ. ನಮ್ಮ ಬೇಸಿಗೆಯ ಬೆವರು ಪ್ರೊಸೆಸರ್‌ಗೆ ಶತ್ರು. ರಾತ್ರಿ ತೇವ ಹೀರುವ ಡ್ರೈ ಬಾಕ್ಸಿನಲ್ಲಿಡು. ಸದ್ದು ಹಠಾತ್ತನೆ ನಿಂತರೆ ಮೊದಲು ಬ್ಯಾಟರಿ, ಆಮೇಲೆ ಕೇಬಲ್ ಬದಲಿಸಿ ನೋಡು. ಕೇಬಲ್, ಕಾಯಿಲ್‌ಗಳಿಗೂ ಮುಂದೆ ದುಡ್ಡು ಬೇಕು, ಅವುಗಳ ಬೆಲೆಯನ್ನೂ ಮೊದಲೇ ಬರೆಸಿಕೋ. ಮುಂದೆ ಎಲ್ಲೇ ಎಂ.ಆರ್.ಐ. ಅಥವಾ ಆಪರೇಷನ್ ಎಂದರೂ ಇಂಪ್ಲಾಂಟ್ ಕಾರ್ಡ್ ತೋರಿಸು.

ಮೈಸೂರಿಗೆ ಯಾವತ್ತು ಹೊರಡುತ್ತೀ, ತಿಳಿಸು. ಹಳೆಯ ಆಡಿಯೋಗ್ರಾಂ ಒಂದನ್ನೂ ಬಿಡದೆ ಜೊತೆಗಿಟ್ಟುಕೋ.

ಇಂತಿ,
ನಿನ್ನ ಮಾವ